ಟಣ್ ಎಂದರೆ ಬಿಗಿ, ಡಬ್ ಎಂದರೆ ಸಡಿಲ

ಮಂಗಳೂರಿನ ಪಡೀಲಿನಲ್ಲಿ, ರೈಲಿನ ಸದ್ದು ಕೇಳುವಷ್ಟು ಹತ್ತಿರದ ಮನೆಯೊಂದರ ಜಗಲಿ. ಚಹಾ ಕುಡಿದಿಟ್ಟ ನನ್ನ ಸ್ಟೀಲಿನ ಲೋಟಕ್ಕೆ ಅಜ್ಜ ಚಮಚದಿಂದ ಬಡಿದರು. ಟಣ್! ಆಮೇಲೆ ತಮ್ಮ ತುಂಬಿದ ಲೋಟಕ್ಕೆ ಬಡಿದರು. ಡಬ್. "ಹಳಿಯನ್ನು ಹಿಡಿದಿಡುವ ಕೀ ಬಿಗಿ ಇದ್ದರೆ ಆ ಶಬ್ದ, ಸಡಿಲ ಇದ್ದರೆ ಈ ಶಬ್ದ. ಬಗ್ಗಿ ನೋಡ್ಲಿಕ್ಕೇ ಇಲ್ಲ, ಕಿವಿಗೇ ಗೊತ್ತಾಗ್ತದೆ ಮಾರಾಯ್ರೆ."

ಹಾಸನ-ಮಂಗಳೂರು ಮೀಟರ್ ಗೇಜ್ ಹಳಿಯ ಮೇಲೆ ಕೀಮ್ಯಾನ್ ಆಗಿದ್ದವರು ಇವರು. ಹೆಗಲಲ್ಲಿ ಸುತ್ತಿಗೆ, ಸ್ಪ್ಯಾನರ್ ಹೊತ್ತು ದಿನಾ ತಮ್ಮ ಪಾಲಿನ ಹಳಿಯನ್ನು ನಡೆದು ನೋಡುವುದು ಕೆಲಸ. ಮಳೆಗಾಲ ಬಂತೆಂದರೆ ರಾತ್ರಿ ಗಸ್ತೂ ಇತ್ತು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ನೇತ್ರಾವತಿ ಸೇತುವೆ ದಾಟಿ. ಪೂರ್ವದ ಘಟ್ಟ ಹತ್ತಲು ಮತ್ತೆ ಎಪ್ಪತ್ತೆರಡು ವರ್ಷ ಬೇಕಾಯಿತು. ಪಣಂಬೂರಿನಲ್ಲಿ ಬಂದರು ಎದ್ದಾಗ ಒಳನಾಡಿನ ಸರಕು ಅಲ್ಲಿಗೆ ಇಳಿಯಲು ದಾರಿ ಬೇಕಿತ್ತು. 1979ರಲ್ಲಿ 189 ಕಿಲೋಮೀಟರಿನ ಹಾಸನ ಮಾರ್ಗ ಪೂರ್ತಿಯಾಯಿತು. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯದ್ದು: 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಕಡಿದಾದ ದಾರಿ.

ಅಜ್ಜನಿಗೆ ಈ ಲೆಕ್ಕ ಬೇಡ. ಅವರಿಗೆ ನೆನಪಿರುವುದು ಎಡಕುಮೇರಿಯ ಕತ್ತಲೆ. ಸುತ್ತ ಕಾಡು, ರಸ್ತೆಯಿಲ್ಲದ ಸ್ಟೇಷನ್. ಅಕ್ಕಿ ಬರಬೇಕಿದ್ದರೂ ರೈಲಿನಲ್ಲೇ ಬರಬೇಕು. ಜಡಿಮಳೆಯಲ್ಲಿ ಸೀಮೆಎಣ್ಣೆಯ ಕೈದೀಪ ಹಿಡಿದು ಹೊರಟರೆ ಎದುರಿನಿಂದ ಬರುವ ಇನ್ನೊಬ್ಬ ಗಸ್ತಿನವ ಸಿಗುವ ತನಕ ನಡಿಗೆ. ಇಬ್ಬರೂ ಗಸ್ತಿನ ಪುಸ್ತಕ ಬದಲಿಸಿಕೊಂಡು ಬಂದ ದಾರಿ ಹಿಡಿಯಬೇಕು.

"ಗುಡ್ಡ ಜರಿದದ್ದು ಕಂಡರೆ?" ಎಂದೆ.

ಅಜ್ಜ ಲೋಟ ಬದಿಗಿಟ್ಟು ಎದ್ದು ನಿಂತೇ ತೋರಿಸಿದರು. ಕೆಂಪು ದೀಪ ಹಿಡಿದು ರೈಲು ಬರುವ ದಿಕ್ಕಿಗೆ ಓಡಬೇಕು. 400 ಮೀಟರ್ ದೂರದಲ್ಲಿ ಹಳಿಯ ಮೇಲೊಂದು ಪಟಾಕಿ, 800 ಮೀಟರಿನಲ್ಲಿ ಹತ್ತು ಹತ್ತು ಮೀಟರಿಗೊಂದರಂತೆ ಮೂರು. ಗಾಲಿ ಹತ್ತಿದೊಡನೆ ಅದು ಸಿಡಿಯುತ್ತದೆ, ಚಾಲಕ ಬ್ರೇಕ್ ಹಾಕುತ್ತಾನೆ. "ಆ 800 ಮೀಟರ್ ಉಂಟಲ್ಲ, ಅಷ್ಟು ಉದ್ದದ ದಾರಿ ಜಗತ್ತಿನಲ್ಲೇ ಇಲ್ಲ" ಎಂದರು.

1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಘಾಟಿಯಲ್ಲಿ ರೈಲು ನಿಂತಿತು. ಅಜ್ಜನನ್ನು ಬೇರೆ ಕಡೆಗೆ ಹಾಕಿದರು. ಬ್ರಾಡ್‌ಗೇಜ್ ಕೆಲಸ ಮಾತ್ರ ವರ್ಷಗಟ್ಟಲೆ ಮುಗಿಯಲೇ ಇಲ್ಲ. ಜನರಿಲ್ಲದ ಹಳಿಗೆ ಕಾಡು ಹಬ್ಬಿತು, ಬೆನ್ನಿಗೆ ಚೀಲ ಕಟ್ಟಿದ ಚಾರಣಿಗರು 'ಗ್ರೀನ್ ರೂಟ್' ಎಂದು ಹೆಸರಿಟ್ಟು ಸುರಂಗಗಳಲ್ಲಿ ನಡೆದರು. ಘಾಟಿಗೆ ಸರಕು ರೈಲು ಮರಳಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ.

ಮರಳಿತೆಂದು ಕಷ್ಟ ಮುಗಿಯಲಿಲ್ಲ. ಇಂದಿಗೂ ಘಾಟಿಯಲ್ಲಿ ರೈಲು ತೆವಳುತ್ತಲೇ ಸಾಗಬೇಕು, ಏರಲು ಹಿಂದಿನಿಂದ ನೂಕುವ ಎಂಜಿನ್ ಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಹಲವು ಕಡೆ ಜರಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಕುಸಿಯಿತು. ಇದರ ಮೇಲೆ ಮಂಗಳೂರಿನ ಹಳೆಯ ಕೊರಗು ಬೇರೆ: ಸೆಂಟ್ರಲ್ ನಿಲ್ದಾಣ ಪಾಲಕ್ಕಾಡ್ ವಿಭಾಗಕ್ಕೆ, ಘಾಟಿ ಮೈಸೂರು ವಿಭಾಗಕ್ಕೆ, ತೋಕೂರಿನಿಂದಾಚೆ ಕೊಂಕಣ ರೈಲ್ವೆಗೆ. ಊರು ಒಂದು, ಯಜಮಾನರು ಮೂವರು.

ಗಾಜಿನ ವಿಸ್ಟಾಡೋಮ್ ಬೋಗಿಯಲ್ಲಿ ಕುಳಿತು ಜಲಪಾತಗಳ ಚಿತ್ರ ತೆಗೆಯುವ ನಾವು, ಅದೇ ಮಳೆಯಲ್ಲಿ ಹಳಿಯ ಪಕ್ಕಕ್ಕೆ ಸರಿದು ನಿಂತವನನ್ನೂ ಒಮ್ಮೆ ನೋಡಬೇಕು. ಘಾಟಿಯ ಹಳಿ ಉಳಿದಿರುವುದು ಅವನ ಕಾಲಿನ ಬಲದಲ್ಲಿ. ಅವನಿಗೆ ಒಳ್ಳೆಯ ಮಳೆಯಂಗಿ, ಸೋರದ ಗುಡಿಸಲು, ಜೊತೆಗೊಬ್ಬ ಸಂಗಾತಿ ಸಿಗುವುದು ದೊಡ್ಡ ಬೇಡಿಕೆಯೇನಲ್ಲ.

ಹೊರಡುವಾಗ ಮಳೆ ಹನಿಯತೊಡಗಿತ್ತು. ಗೇಟಿನ ತನಕ ಬಂದ ಅಜ್ಜ ಪೂರ್ವದ ಮೋಡ ನೋಡಿದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಆದರೂ ಕೇಳಿದರು: "ಎಡಕುಮೇರಿಯಲ್ಲಿ ಮಳೆ ಹೇಗುಂಟಂತೆ?"