ಹೊಲದ ತೇವಮಾಪಕಗಳಿಗೆ ಒಂದೇ ವೇಳೆ ಏಕೆ ಬೇಕು?

ಮಣ್ಣಿನ ತೇವವನ್ನು ಅಳೆದು ನಿಸ್ತಂತು ಮೂಲಕ ತಿಳಿಸುವ ಸಣ್ಣ ಪೆಟ್ಟಿಗೆಗಳು ಈಗ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಬಳಕೆಗೆ ಬಂದಿವೆ. 2000ರ ನಂತರದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯ ತಜ್ಞರು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಜಮೀನಿನಲ್ಲಿ ಇಂಥವನ್ನು ಪರೀಕ್ಷಿಸಿದ್ದುಂಟು. ಕೊಳ್ಳುವಾಗ ರೈತರು ಬೆಲೆ ಕೇಳುತ್ತಾರೆ, ಬ್ಯಾಟರಿ ಎಷ್ಟು ದಿನ ಬಾಳುತ್ತದೆಂದು ಕೇಳುತ್ತಾರೆ. ಒಳಗಿನ ಗಡಿಯಾರದ ಬಗ್ಗೆ ವಿಚಾರಿಸುವವರು ವಿರಳ. ಬ್ಯಾಟರಿಯ ಆಯಸ್ಸು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ರೇಡಿಯೋ ಹಗಲೂ ರಾತ್ರಿ ಕಿವಿಗೊಟ್ಟು ಕುಳಿತರೆ ಎರಡು ಸಣ್ಣ ಸೆಲ್ಲುಗಳು ಕೆಲವೇ ದಿನಗಳಲ್ಲಿ ಬರಿದಾಗುತ್ತವೆ. ಆದ್ದರಿಂದ ಪೆಟ್ಟಿಗೆಗಳು ಬಹುಪಾಲು ಹೊತ್ತು ಮಲಗಿದ್ದು, ಗೊತ್ತಾದ ವೇಳೆಗೆ ಒಟ್ಟಿಗೆ ಎಚ್ಚೆತ್ತು, ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುತ್ತಾ ಪಂಪುಮನೆ ಮುಟ್ಟಿಸುತ್ತವೆ. ಒಂದು ಮಾತನಾಡುವಾಗ ಪಕ್ಕದ್ದು ಮಲಗಿದ್ದರೆ ಸುದ್ದಿ ಅಲ್ಲಿಗೇ ನಿಂತಿತು. ಗಿಡ ಬಾಡುತ್ತಿದ್ದರೂ ವಾಲ್ವು ತೆರೆಯದು.

ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದು ಕೈಗಡಿಯಾರದಲ್ಲಿರುವಂಥದೇ ಕ್ವಾರ್ಟ್ಸ್ ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹತ್ತು ಲಕ್ಷ ಕಂಪನಗಳಿಗೆ ಕೇವಲ 20 ಹೆಚ್ಚುಕಡಿಮೆಯಾದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡು ವ್ಯತ್ಯಾಸ ಬೀಳುತ್ತದೆ. ಹರಳಿನ ಓಟ ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿದ್ದು. ಅದಕ್ಕಿಂತ ಕಾದರೂ ನಿಧಾನ, ತಣಿದರೂ ನಿಧಾನ. ಹೀಗಾಗಿ ಬಿಸಿಲು ಬದುವಿನ ಪೆಟ್ಟಿಗೆಯನ್ನೂ ಮಾವಿನ ನೆರಳಿನ ಪೆಟ್ಟಿಗೆಯನ್ನೂ ಒಂದೇ ದಿನ ಸರಿಪಡಿಸಿಟ್ಟರೂ ಬೇಸಿಗೆ ಕಳೆಯುವಷ್ಟರಲ್ಲಿ ಎರಡೂ ಬೇರೆ ಬೇರೆ ವೇಳೆ ತೋರಿಸುತ್ತವೆ.

ಪ್ರತಿಯೊಂದಕ್ಕೂ ಉಪಗ್ರಹದಿಂದ ವೇಳೆ ಪಡೆಯುವ ಜಿಪಿಎಸ್ ಅಳವಡಿಸಬಹುದು. ಆದರೆ ಖರ್ಚು ಹೆಚ್ಚು, ಬ್ಯಾಟರಿಯನ್ನೂ ತಿನ್ನುತ್ತದೆ, ದಟ್ಟ ಅಡಿಕೆ ತೋಟದೊಳಗೆ ಸಂಕೇತವೂ ಕ್ಷೀಣ. ಪಂಪುಮನೆಯಲ್ಲಿ ಒಂದಿದ್ದರೆ ಸಾಕು. ಉಳಿದವು ನೆರೆಹೊರೆಯವರಂತೆ ಪರಸ್ಪರ ಕೇಳಿ ಸರಿಪಡಿಸಿಕೊಳ್ಳಬಲ್ಲವು.

ಲೆಕ್ಕ ಸುಲಭ. ನಿಮ್ಮ ಗಡಿಯಾರದ 6 ಗಂಟೆಗೆ ಮಗನನ್ನು ಪಕ್ಕದೂರಿನ ಬೀಗರ ಮನೆಗೆ ಕಳಿಸಿದಿರೆನ್ನಿ. ಅವನು ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ 6-25. ಅದನ್ನು ಬರೆದುಕೊಂಡು, ಕೂರದೆ, ಹಿಂದಿರುಗಿದಾಗ ನಿಮ್ಮದರಲ್ಲಿ 6-40. ಹೋಗಿಬರಲು 40 ನಿಮಿಷ, ಒಂದು ದಾರಿಗೆ 20. ಅಂದರೆ ಅವನು ತಲುಪಿದ್ದು ನಿಮ್ಮ 6-20ಕ್ಕೆ. ಬೀಗರ ಗಡಿಯಾರ 5 ನಿಮಿಷ ಮುಂದಿದೆ. 2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ತಜ್ಞರು ಪ್ರಕಟಿಸಿದ ಟಿಪಿಎಸ್‌ಎನ್ ವಿಧಾನದ ತಿರುಳು ಇದೇ.

ಹೋಗುವಾಗ ಏರು, ಬರುವಾಗ ಇಳಿಜಾರಾದರೆ ಈ ಲೆಕ್ಕ ತಪ್ಪುತ್ತದೆ. ರೇಡಿಯೋ ಅಲೆಗೆ ಏರು ಇಳಿಜಾರಿಲ್ಲ. 300 ಮೀಟರು ದಾಟಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಸಾಕು. ತಡವಾಗುವುದು ಹೊರಡುವ ಮುನ್ನ, ಇನ್ನೊಂದು ಪೆಟ್ಟಿಗೆಯ ಮಾತು ಮುಗಿಯಲೆಂದು ಕಾಯುವುದರಲ್ಲಿ. ಆದ್ದರಿಂದ ವೇಳೆಯನ್ನು ಸುದ್ದಿ ಸಿದ್ಧಮಾಡುವಾಗ ನಮೂದಿಸದೆ, ಅದು ರೇಡಿಯೋದಿಂದ ಹೊರಬೀಳುವ ಗಳಿಗೆಯಲ್ಲೇ ನಮೂದಿಸಬೇಕು.

2004ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಎಫ್‌ಟಿಎಸ್‌ಪಿ ವಿಧಾನ ಹೊಲಕ್ಕೆ ಇನ್ನೂ ಅನುಕೂಲ. ಅತಿ ಕಡಿಮೆ ಸಂಖ್ಯೆಯ ಪೆಟ್ಟಿಗೆ ಯಜಮಾನನಾಗಿ ವೇಳೆ ಸಾರುತ್ತದೆ. ಕೇಳಿದವು ಮುಂದಕ್ಕೆ ಸಾರುತ್ತವೆ. ಯಜಮಾನ ಮೌನವಾದರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಜೊತೆಗೆ ಪ್ರತಿ ಪೆಟ್ಟಿಗೆಯೂ ತಾನು ಎಷ್ಟು ವೇಗವಾಗಿ ಹಿಂದುಮುಂದಾಗುತ್ತಿದ್ದೇನೆಂದು ಲೆಕ್ಕಹಾಕಿ ನಡುನಡುವೆ ತಾನೇ ತಿದ್ದಿಕೊಳ್ಳುವುದರಿಂದ ಪದೇ ಪದೇ ಕೇಳಬೇಕಾಗಿಲ್ಲ. ಸೆಲ್ಲು ಉಳಿಯುವುದು ಇಲ್ಲಿಯೇ. ಸೆಕೆಂಡಿನ ಲಕ್ಷಾಂಶದ ಸೂಕ್ಷ್ಮತೆ ನೀರು ಬಿಡುವುದಕ್ಕೇನೂ ಬೇಡ. ಮಾರಾಟಗಾರರು ಅದನ್ನೇ ದೊಡ್ಡದು ಮಾಡಿದರೆ ಮರುಳಾಗಬೇಡಿ. ಒಂದು ಪೆಟ್ಟಿಗೆ ಕೆಟ್ಟರೆ ಉಳಿದವು ವೇಳೆ ಕಾಯ್ದುಕೊಳ್ಳುತ್ತವೆಯೇ ಎಂದು ಕೇಳಿ, ಒಂದನ್ನು ಆರಿಸಿ ತೋರಿಸಲು ಹೇಳಿ.

ಪೆಟ್ಟಿಗೆಗೆ ನೆರಳು ಮಾಡಿ. ತಗಡು ಮುಚ್ಚಬಾರದು, ರೇಡಿಯೋ ಅಲೆಯನ್ನು ಅದು ತಡೆಯುತ್ತದೆ. ಸೆಲ್ಲು ಬದಲಾಯಿಸಿದಾಗ ಗಡಿಯಾರ ಮೊದಲಿನಿಂದ ಶುರುವಾಗಬಹುದು. ಪಂಪುಮನೆಯ ಪಟ್ಟಿಯಲ್ಲಿ ಅದರ ವೇಳೆ ಉಳಿದವುಗಳೊಂದಿಗೆ ಹೊಂದುವವರೆಗೆ ಅದು ಕೊಡುವ ಅಂಕಿಯನ್ನು ನೆಚ್ಚಿ ನೀರು ಬಿಡಬೇಡಿ.