ಥಟ್ಟನೆ ಹೇಳುವುದೋ, ತಡೆದು ಹೇಳುವುದೋ?

ದೀಪಾವಳಿಯ ಸಂಜೆ. ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ದೂರದರ್ಶನದ ಮುಂದೆ ನೆರೆದಿದ್ದರು. ಟಿಕೋಟಾದಿಂದ ಬಂದಿದ್ದ ತಂಗಿಯ ಮಗ ಎಲ್ಲರಿಗಿಂತ ಮುಂದೆ. ಪ್ರಶ್ನೆ ಮುಗಿಯುವ ಮೊದಲೇ ಅವನ ಬಾಯಿಂದ ಉತ್ತರ ಹೊರಡುತ್ತಿತ್ತು. ಅದರಲ್ಲಿ ಅರ್ಧಕ್ಕರ್ಧ ತಪ್ಪು! ಬಬಲೇಶ್ವರದಿಂದ ಬಂದಿದ್ದ ದೊಡ್ಡವ್ವ ಮಾತ್ರ ಗೋಡೆಗೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ ಸುಮ್ಮನೆ ಕುಳಿತಿದ್ದಳು.

ರಸಪ್ರಶ್ನೆಯ ಆಟ ಇಂದು ಮನೆಮನೆಯ ವಿನೋದವಾಗಿದೆ. ಆದರೆ ಅದನ್ನು ಆಡುವ ಬಗೆ ಒಂದೇ ಅಲ್ಲ. ಕನ್ನಡಿಗರು ಚೆನ್ನಾಗಿ ಬಲ್ಲ ಎರಡು ಬಗೆಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ಪ್ರಶ್ನೆ ಕೇಳುವವರು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ. ಎದುರಿಗೆ ಮೂವರು ಸ್ಪರ್ಧಿಗಳು. ಸಾಹಿತ್ಯ, ಇತಿಹಾಸ, ವಿಜ್ಞಾನ, ಚಲನಚಿತ್ರ ಹೀಗೆ ಪ್ರಶ್ನೆ ಎತ್ತಲಿಂದಲಾದರೂ ಬಂದೀತು. ಗೆದ್ದವರಿಗೆ ಹಣವಿಲ್ಲ, ಕನ್ನಡ ಪುಸ್ತಕಗಳ ಬಹುಮಾನ. ಇಲ್ಲಿ ಬುದ್ಧಿಯ ಜೊತೆಗೆ ನಾಲಗೆಯೂ ಚುರುಕಾಗಿರಬೇಕು. ಗೊತ್ತಿದ್ದೂ ತಡಮಾಡಿದವನಿಗೆ ಗೊತ್ತಿಲ್ಲದವನಿಗೆ ಸಿಕ್ಕಷ್ಟೇ ಫಲ!

ಎರಡನೆಯದು ಕೋಟಿಯ ಆಟ. ಇಂಗ್ಲೆಂಡಿನಲ್ಲಿ 1998ರಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ್ ಬಚ್ಚನ್ ಅವರ ಮೂಲಕ ಹಿಂದಿಗೆ ಬಂದು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಯಿತು. ಇಲ್ಲಿ ಪ್ರಶ್ನೆಯೊಡನೆ ನಾಲ್ಕು ಉತ್ತರಗಳನ್ನೂ ಕೊಡುತ್ತಾರೆ, ಸರಿಯಾದುದನ್ನು ಆರಿಸಬೇಕು. ತೊಡಕಾದರೆ ಸಭಿಕರನ್ನು ಕೇಳಬಹುದು, ಗೆಳೆಯನಿಗೆ ಫೋನು ಮಾಡಬಹುದು, ಅಥವಾ ಎರಡು ತಪ್ಪು ಉತ್ತರಗಳನ್ನು ಅಳಿಸಿಕೊಳ್ಳಬಹುದು.

ಆಟದ ನಿಜವಾದ ಬಿಸಿ ಇರುವುದು ಹಣದ ಏಣಿಯಲ್ಲಿ. 2000ದ ಹಿಂದಿ ಆಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಒಟ್ಟು 15 ಪ್ರಶ್ನೆಗಳು. ಹತ್ತನೆಯದನ್ನು ದಾಟಿದವನಿಗೆ 3,20,000 ರೂಪಾಯಿ ಭದ್ರ. ಹನ್ನೆರಡನೆಯದಕ್ಕೆ 12,50,000, ಹದಿಮೂರನೆಯದಕ್ಕೆ 25 ಲಕ್ಷ. ಈಗ ಹದಿಮೂರನೆಯ ಪ್ರಶ್ನೆ ಬಂದಿದೆ, ಉತ್ತರ ತಿಳಿಯದು ಎನ್ನೋಣ. ಆಟ ನಿಲ್ಲಿಸಿದರೆ ಹನ್ನೆರಡೂವರೆ ಲಕ್ಷ ಕೈಯಲ್ಲಿದೆ. ಹೇಳಿ ತಪ್ಪಿದರೆ ಒಮ್ಮೆಗೇ 9,30,000 ರೂಪಾಯಿ ಜಾರಿ ಹೋಗುತ್ತದೆ.

ನಾಲ್ಕೂ ಉತ್ತರಗಳು ಉಳಿದಿದ್ದು ಕಣ್ಣುಮುಚ್ಚಿ ಒಂದನ್ನು ಹೇಳಿದರೆ ಸರಾಸರಿ ದಕ್ಕುವುದು 8,65,000 ಮಾತ್ರ. ಆಗ ನಿಲ್ಲಿಸುವುದೇ ಜಾಣತನ. ಎರಡೇ ಉತ್ತರ ಉಳಿದಿದ್ದರೆ ಸರಾಸರಿ 14,10,000 ಆಗುತ್ತದೆ. ಮುಂದೆ ಹೋಗೆನ್ನುತ್ತದೆ ಗಣಿತ. ಆದರೆ ಮಗಳ ಮದುವೆ, ಮನೆಯ ಸಾಲ ತಲೆಯಲ್ಲಿರುವ ಗೃಹಸ್ಥನಿಗೆ ಆಟವಾಡಲು ಸಿಗುವುದು ಒಂದೇ ಸಲ. ಸರಾಸರಿಯಿಂದ ಸಾಲ ತೀರದು. ಅಲ್ಲಿ ‘ಸಾಕು’ ಎನ್ನಲೂ ಧೈರ್ಯ ಬೇಕು.

ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ನನ್ನನ್ನು ಬಿಡಲಿಲ್ಲ. ನಾನೇ ಪ್ರಶ್ನೆ ಕೇಳುವವನಾದೆ. ಸರಿಯುತ್ತರಕ್ಕೆ 10 ಅಂಕ, ತಪ್ಪಿದರೆ 5 ಅಂಕ ಕಡಿತ. ಕಡಿತದ ಮಾತು ಕೇಳಿದ್ದೇ ತಡ, ಟಿಕೋಟಾದ ವೀರನ ಅಬ್ಬರ ಅರ್ಧ ಇಳಿಯಿತು! ಕನ್ನಡದ ಮೊದಲ ವಾಕ್ಚಿತ್ರ ಯಾವುದು? ‘ಸತಿ ಸುಲೋಚನ’, 1934. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ? ‘ಬೇಡರ ಕಣ್ಣಪ್ಪ’, 1954. ಹುಡುಗರು ಯೋಚಿಸಿ ಹೇಳಿದರು, ಅಂಕ ಗಳಿಸಿದರು.

ಆಮೇಲೆ ಕೇಳಿದೆ: “1943ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಕಿಸ್ಮತ್’. ಅದರಲ್ಲಿ ಹಾಡಿ ದೇಶದ ಉದ್ದಗಲಕ್ಕೂ ಹೆಸರಾದ ನಮ್ಮ ಸೀಮೆಯ ಗಾಯಕಿ ಯಾರು?”

ಪಡಸಾಲೆ ಸ್ತಬ್ಧವಾಯಿತು. ಐದು ಅಂಕದ ಭಯಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಆಗ ಗೋಡೆಯ ಕಡೆಯಿಂದ ದನಿ ಬಂತು:

“ಅಕಿ ನಮ್ಮ ಬೀಳಗಿ ಅಮೀರಬಾಯಿ ಅಲ್ಲೇನೋ? ಇಂಥಾವೂ ಕೇಳ್ತಾರೇನು?”

ಹೌದು, ಅಮೀರಬಾಯಿ ಕರ್ನಾಟಕಿ! ಆಕೆಯ ಹುಟ್ಟೂರು ಬೀಳಗಿ ಅಂದು ಬಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆದಾಗ ಅದಕ್ಕೆ ಸೇರಿತು. ವಿಜಯಪುರದ ಅಮೀರ್ ಟಾಕೀಸಿನ ಹೆಸರಿನ ಹಿಂದೆ ಇರುವವರೂ ಆಕೆಯೇ. ಆ ಹೆಸರನ್ನು ನಿತ್ಯ ಕೇಳುವ ನಮ್ಮ ಮಕ್ಕಳಿಗೆ ಅದು ಯಾರದೆಂಬುದೇ ತಿಳಿದಿರಲಿಲ್ಲ.

“ಆಯಿ, ಗೊತ್ತಿದ್ದೂ ಇಷ್ಟೊತ್ತನಕ ಯಾಕ ಸುಮ್ಮ ಕುಂತಿದ್ದಿ?” ಎಂದ ಹುಡುಗ.

“ನನ್ನ ಯಾರು ಕೇಳಿದ್ರಪ್ಪಾ?” ಎಂದಳು ದೊಡ್ಡವ್ವ.

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷಗಳಿಂದ ಹಬ್ಬಕ್ಕೆ ಬಂದು ಹೋಗುವ ಆಕೆಗೆ ನಾವು ಕೇಳುತ್ತಿದ್ದುದು ‘ಊಟ ಆಯಿತೇ, ಮೊಣಕಾಲು ಹೇಗಿದೆ’ ಎಂಬ ಎರಡೇ ಪ್ರಶ್ನೆ!

ವಾಚಕರೇ, ಈ ಆಟವನ್ನು ನಿಮ್ಮ ಮನೆಯಲ್ಲೂ ಆಡಿ ನೋಡಿ. ಅದಕ್ಕೆ ಬಿಸಿ ಕುರ್ಚಿ ಬೇಡ, ಕೋಟಿ ರೂಪಾಯಿ ಬೇಡ. ಗೆದ್ದವರಿಗೆ ಒಂದು ಪುಸ್ತಕ ಸಾಕು. ಒಂದು ನಿಯಮವನ್ನು ಮಾತ್ರ ನಮ್ಮಿಂದ ಎರವಲು ಪಡೆಯಿರಿ: ಮೊದಲ ಪ್ರಶ್ನೆ ಮನೆಯಲ್ಲಿ ಎಲ್ಲರಿಗಿಂತ ಮೌನವಾಗಿ ಕುಳಿತವರಿಗೆ.

ಅಂದು ರಾತ್ರಿ ಊಟದ ಹೊತ್ತಾದರೂ ಆಟ ನಿಲ್ಲಲಿಲ್ಲ. ಪ್ರಶ್ನೆ ಕೇಳುವ ಸ್ಥಾನಕ್ಕೆ ದೊಡ್ಡವ್ವ ಬಂದಿದ್ದಳು. ನನ್ನ ಅಂಕ ಸೊನ್ನೆಗಿಂತಲೂ ಐದು ಕೆಳಗಿತ್ತು!