ಅರುವತ್ತಕ್ಕೆ ಸೋಲು, ಅರುವತ್ತೊಂದಕ್ಕೆ ಗೆಲುವು!

ಇಸ್ಪೀಟು ಎಂದೊಡನೆ ನಮ್ಮಲ್ಲಿ ಎಷ್ಟೋ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ನಮ್ಮಮ್ಮನಂತೂ ಎಲೆಗಳನ್ನು ಹೊಸಿಲು ದಾಟಗೊಡುತ್ತಿರಲಿಲ್ಲ. ಆದರೆ ಜರ್ಮನಿಯ ಆಲ್ಟೆನ್‌ಬುರ್ಗ್ ಎಂಬ ಊರಿನಲ್ಲಿ ಇಸ್ಪೀಟಿಗೆಂದೇ ಒಂದು ಕಾರಂಜಿ ಇದೆ, ಮಕ್ಕಳೇ! 1903ರ ಆ ಕಾರಂಜಿಯ ಮೇಲೆ ನಾಲ್ವರು ಗುಲಾಮರು ಕೈಕೈ ಮಿಲಾಯಿಸಿ ನಿಂತಿದ್ದಾರೆ. ಸುಮಾರು 200 ವರ್ಷಗಳ ಹಿಂದೆ ‘ಸ್ಕಾಟ್’ ಆಟ ಹುಟ್ಟಿದ್ದು ಅಲ್ಲೇ. ನಿಯಮದ ತಕರಾರು ಬಗೆಹರಿಸಲು ಅಲ್ಲೊಂದು ಸ್ಕಾಟ್ ನ್ಯಾಯಾಲಯವೂ ಇದೆ.

ನಾನು ಈ ಆಟ ಕಂಡದ್ದು ಲೈಪ್‌ಜಿಗ್‌ನಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಕೆಳಮನೆಯ ತಾತ, ಅವರ ಹೆಂಡತಿ, ಒಬ್ಬ ಗೆಳೆಯ ವರ್ಷಗಟ್ಟಲೆ ಆಡುತ್ತಿದ್ದರಂತೆ. ಆ ಗೆಳೆಯ ತೀರಿಕೊಂಡರು. ಸ್ಕಾಟ್‌ಗೆ ಮೂವರು ಬೇಕು. ಇಬ್ಬರೇ ಆಡುವ ಬಗೆಯೂ ಇದೆ, ಆದರೆ ತಾತನಿಗೆ ಅದು ಉಪ್ಪಿಲ್ಲದ ಸಾರು. ಎಲೆಕಟ್ಟು ಕಪಾಟು ಸೇರಿತ್ತು. ಮೇಲಿನ ಮನೆಯಲ್ಲೋ, ಭಾಷೆ ಬಾರದೆ ಯಾರೊಡನೆಯೂ ಬೆರೆಯದ ನನ್ನ ಹನ್ನೆರಡರ ಮೊಮ್ಮಗ. ಒಂದು ಸಂಜೆ ತಾತ ಅವನನ್ನೇ ಕರೆದರು.

ಆಟ ಹೀಗೆ. ಮೂವರೂ ಸವಾಲು ಕೂಗುತ್ತಾರೆ. ಹೆಚ್ಚು ಕೂಗಿದವನು ಒಂಟಿ, ಉಳಿದಿಬ್ಬರು ಅವನ ವಿರುದ್ಧ ಒಂದು. ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 4, ರಾಣಿಗೆ 3, ಗುಲಾಮನಿಗೆ ಬರೀ 2. ಒಟ್ಟು 120. ಒಂಟಿಯಾದವನಿಗೆ 61 ಬೇಕು. ತಮಾಷೆಯೆಂದರೆ, ಅಂಕದಲ್ಲಿ ಬಡವನಾದ ಗುಲಾಮನೇ ತುರುಪಿನಲ್ಲಿ ದೊರೆ, ಅದರಲ್ಲೂ ಕಳಾವರ್ ಗುಲಾಮನ ಮೇಲೆ ಯಾರೂ ಇಲ್ಲ. ನಮ್ಮಲ್ಲಿ ಇಪ್ಪತ್ತೆಂಟು ಆಡಿದವರಿಗೆ ಗುಲಾಮನ ಈ ದರ್ಬಾರು ಹೊಸದಲ್ಲ. ಒಂದೂ ಸುತ್ತು ಗೆಲ್ಲದಂತೆ ಆಡುತ್ತೇನೆ ಎಂದು ಪಣ ತೊಡುವ ‘ನುಲ್’ ಎಂಬ ಬಗೆಯೂ ಉಂಟು. ನನಗೆ ಅದೇ ಇಷ್ಟ.

ತಾತ ಮಗುವೆಂದು ಬಿಟ್ಟುಕೊಡುವವರಲ್ಲ. ಒಮ್ಮೆ ಮೊಮ್ಮಗ ಒಂಟಿಯಾಗಿ ಆಡಿ, ಎಲೆಗಳನ್ನು ಜರ್ಮನ್‌ನಲ್ಲೇ ಎಣಿಸುತ್ತಾ ಹೋಗಿ ಅರುವತ್ತಕ್ಕೆ ನಿಂತುಬಿಟ್ಟ. ತಾತ ಎರಡು ಸಲ ಎಣಿಸಿದರು. ಅರುವತ್ತೇ. ಸೋಲೆಂದು ಬರೆದರು. ಹುಡುಗ ಅಳುತ್ತಾನೇನೋ ಎಂದು ನಾನು ನೋಡುತ್ತಿದ್ದರೆ, ಅವನು ಎಲೆ ಕಲೆಸತೊಡಗಿದ್ದ.

ದಕ್ಷಿಣದ ಬವೇರಿಯಾದಲ್ಲಿ ‘ಶಾಫ್‌ಕೋಫ್’ ಆಡುತ್ತಾರೆ. ಅಲ್ಲಿನ ಎಲೆಗಳ ಮೇಲೆ ಓಕ್ ಮರದ ಕಾಯಿ, ಎಲೆ, ಹೃದಯ, ಗೆಜ್ಜೆ. ರಾಣಿಯೇ ಇಲ್ಲ! ಎಕ್ಕಕ್ಕೆ ‘ಹಂದಿ’ ಎಂದು ಹೆಸರು. ಒಬ್ಬ ಒಂದು ಹಂದಿಯ ಹೆಸರು ಕೂಗಿದರೆ, ಅದು ಯಾರ ಕೈಯಲ್ಲಿದೆಯೋ ಅವರೇ ಅವನ ಜೊತೆಗಾರ. ಆ ಎಲೆ ಬೀಳುವವರೆಗೆ ಗುಟ್ಟು.

ಸ್ಕಾಟ್ ಆಡಿನೋಡುವಿರಾದರೆ ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಡಿ, 32 ಉಳಿಯುತ್ತವೆ. ಒಬ್ಬೊಬ್ಬರಿಗೆ ಮೂರು, ನಡುವೆ ಮಗುಚಿ ಎರಡು, ಮತ್ತೆ ನಾಲ್ಕು, ಮತ್ತೆ ಮೂರು. ಕಾಸು ಬೇಡ, ಕಾಗದ-ಪೆನ್ಸಿಲ್ ಸಾಕು. ನಡುವಿನ ಎರಡನ್ನು ಸವಾಲು ಮುಗಿಯುವ ತನಕ ಅಜ್ಜ ಇಣುಕಿ ನೋಡದಂತೆ ಮಾತ್ರ ಕಾಯಬೇಕು.